ಅಣ್ಣನ ಪಾಲು

ಪ್ರೀತಿಗೆ ಬಿದ್ದವರಿಗೆ ಬುದ್ಧಿ ಇರುವುದಿಲ್ಲ ಅಂತ ದೊಡ್ಡವರು ಹೇಳುತ್ತಾರೆ. ಭಾಗ್ಯಶ್ರೀಗೆ ಬುದ್ಧಿ ಇತ್ತು, ಬೇಕಾದ್ದಕ್ಕಿಂತ ಒಂದು ಹಿಡಿ ಹೆಚ್ಚೇ ಇತ್ತು. ಅದೇ ಅವಳಿಗೆ ಮುಳುವಾಯಿತು.

ಗೋಕುಲ ರಸ್ತೆಯ ಒಂದು ವಾಲ್ವ್ ಕಂಪನಿಯಲ್ಲಿ ಅವಳ ಕೆಲಸ. ಸ್ಪೇನ್ ದೇಶದ ಮುರ್ಸಿಯಾ ಅನ್ನುವ ಊರಿನ ಸುತ್ತ ಎಲ್ಲಿ ನೋಡಿದರೂ ನಿಂಬೆ ತೋಟ. ಆ ತೋಟಗಳ ನೀರಿನ ಪೈಪಿಗೆ ಹುಬ್ಬಳ್ಳಿಯ ವಾಲ್ವು ಹೋಗುತ್ತಿದ್ದವು. ಅಲ್ಲಿಯವರಿಗೆ ಇಂಗ್ಲಿಷ್ ಅಷ್ಟಕ್ಕಷ್ಟೇ, ಇಲ್ಲಿಯವರಿಗೆ ಸ್ಪ್ಯಾನಿಷ್ ಗಂಧಗಾಳಿಯೂ ಇಲ್ಲ. ಆರು ತಿಂಗಳು ಹೋಗಿ ಭಾಷೆ ಕಲಿತು ಬಾ ಅಂತ ಕಂಪನಿಯೇ ಅವಳನ್ನು ಕಳಿಸಿತು. ಹಾಸ್ಟೆಲ್ ಅಲ್ಲ, ಅಲ್ಲಿಯ ಒಂದು ಸಂಸಾರದ ಜೊತೆಗಿದ್ದು, ಅವರ ಕೂಡ ಉಂಡು, ಅವರ ಕೂಡ ಮಾತಾಡಿ ಕಲಿಯುವ ಪದ್ಧತಿ.

ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಎರಡು ಸೂಟ್‌ಕೇಸ್ ಎಳೆದುಕೊಂಡು ಮೂರನೇ ಮಹಡಿ ಹತ್ತಿ ಬೆಲ್ ಒತ್ತಿದಳು. ಬಾಗಿಲು ತೆಗೆದವನು ಗುಂಗುರು ಕೂದಲಿನ ಒಬ್ಬ ಹುಡುಗ. ಗೋಧಿ ಬಣ್ಣ, ದಟ್ಟ ಹುಬ್ಬು. ಮನೆಯವರ ಮಗ ಇರಬೇಕು ಅಂದುಕೊಂಡು, ವಿಮಾನದಲ್ಲಿ ಬಾಯಿಪಾಠ ಮಾಡಿದ ಮಾತನ್ನು ಒಪ್ಪಿಸಿದಳು.

"ಬುಎನಾಸ್ ತಾರ್ದೆಸ್. ಸೋಯ್ ಲಾ ಎಸ್ತುದಿಯಾಂತೆ ನುಎವಾ."

ನಮಸ್ಕಾರ, ನಾನು ಹೊಸ ವಿದ್ಯಾರ್ಥಿನಿ, ಅಂತ ಅದರ ಅರ್ಥ. ಅವನು ಬೆವರಿದ. ತಡವರಿಸುತ್ತ ಸ್ಪ್ಯಾನಿಷ್‌ನಲ್ಲಿ ಏನೋ ಹೇಳಿದ. ಇವಳು ಇನ್ನೇನೋ ಕೇಳಿದಳು. ಐದು ನಿಮಿಷ ಬಾಗಿಲಲ್ಲೇ ಇಬ್ಬರೂ ಕೈ ಬಾಯಿ ಆಡಿಸಿದರು, ಒಬ್ಬರದೊಬ್ಬರಿಗೆ ಮಣ್ಣೂ ತಿಳಿಯಲಿಲ್ಲ. ಕಡೆಗೆ ದೊಡ್ಡ ಸೂಟ್‌ಕೇಸ್ ಜಾರಿ ಅವನ ಕಾಲಬೆರಳ ಮೇಲೆ ಬಿತ್ತು.

"ಅಯ್ಯಯ್ಯೋ ಯವ್ವಾ! ಸತ್ನೆಪೋ!"

"ಏನಂದ್ರಿ?" ಭಾಗ್ಯಶ್ರೀ ಕಣ್ಣರಳಿಸಿದಳು.

ಅವನು ಒಂಟಿಗಾಲಲ್ಲಿ ನಿಂತೇ ಅವಳನ್ನು ಮೇಲಿಂದ ಕೆಳಗೆ ನೋಡಿದ. "ನೀವೂ ನಮ್ಮ ಕಡೆಯವರೇನ್ರೀ?"

"ಹುಬ್ಬಳ್ಳಿ. ಬೆಂಗೇರಿ."

"ನಾ ಬ್ಯಾಹಟ್ಟಿಯವ್ನರೀ! ಶಾಲಿ ಸೂಟಿ ಇದ್ದಾಗ ನಿಮ್ಮ ಬೆಂಗೇರಿ ಸಂತಿಗೆ ವಾರಾ ವಾರಾ ಬರತಿದ್ದೆ!"

"ಮತ್ತ ಇಷ್ಟೊತ್ತನಕಾ ಆ ಸ್ಪ್ಯಾನಿಷ್ ಯಾಕ ಹೊಡದ್ರಿ?"

"ನೀವು ಹೊಡದ್ರಿ, ನಾನೂ ಹೊಡದೆ."

ಇಬ್ಬರೂ ನಕ್ಕರು. ಅವನು ನಗುವಾಗ ಮೊದಲು ಕಣ್ಣು ಕಿರಿದಾಗುತ್ತಿದ್ದವು, ಆಮೇಲೆ ತುಟಿ ಬಿರಿಯುತ್ತಿತ್ತು. ಅಷ್ಟನ್ನು ಅವಳು ಆವತ್ತೇ ಗಮನಿಸಿದ್ದಳು.

ಅವನ ಹೆಸರು ಬಸವಕಿರಣ. ಬ್ಯಾಡಗಿ ಮೆಣಸಿನಕಾಯಿಯ ಬಣ್ಣ ತೆಗೆದು ಹೊರದೇಶಕ್ಕೆ ಮಾರುವ ಕಂಪನಿಯವನು. ಅವನದೂ ಅದೇ ಕೋರ್ಸು. ಒಂದೇ ಕಡೆಯವರು ಜೊತೆಗಿದ್ದರೆ ಅನುಕೂಲ ಅಂತ ಭಾಷೆ ಕಲಿಸುವ ಕಾಲೇಜಿನವರು ಇಬ್ಬರನ್ನೂ ಒಂದೇ ಮನೆಗೆ ಹಾಕಿದ್ದರು. ಪಾಪ, ನಮ್ಮ ಉಪದ್ವ್ಯಾಪ ಅವರಿಗೇನು ಗೊತ್ತು.

ಮನೆಯೊಡತಿ ಎನ್ಕಾರ್ನಾ, ಅರವತ್ತೈದರ ಗದ್ದಲದ ಹೆಂಗಸು. ಗಂಡ ರಿಟೈರ್ಡ್ ಬಸ್ ಡ್ರೈವರ್, ಟೀವಿಯ ಜೊತೆ ಜಗಳಾಡುವುದೇ ಅವನ ಉದ್ಯೋಗ. ಎನ್ಕಾರ್ನಾ ಇವರಿಬ್ಬರನ್ನೂ "ಇಹೋ, ಇಹಾ" ಅನ್ನುತ್ತಿದ್ದಳು. ಮಗನೇ, ಮಗಳೇ ಅಂತ. ಕಾಯಿಪಲ್ಯೆ ಮಾರುವವನಿಗೂ ಹಾಗೇ ಅನ್ನುತ್ತಿದ್ದಳು. ಅಲ್ಲಿ ಆ ಮಾತಿಗೆ ಅಷ್ಟೇ ತೂಕ. ಬೆಂಗೇರಿಯಲ್ಲಿ ಹಾಗಲ್ಲ. ನಮ್ಮಲ್ಲಿ ಒಬ್ಬರನ್ನು ಸಂಬಂಧ ಹಚ್ಚಿ ಕರೆದರೆ ಮುಗಿಯಿತು, ಆ ಸಂಬಂಧ ಮನೆಗೆ ಬಂದು ಚಾಪೆ ಹಾಸಿಕೊಂಡು ಕೂಡುತ್ತದೆ.

ಬಂದು ಹತ್ತು ದಿನವಾಗಿರಬೇಕು. ಮನೆಗೆ ವಿಡಿಯೋ ಕಾಲ್ ಮಾಡಿದ್ದಳು. ಅಪ್ಪ ಚನ್ನಯ್ಯ, ಅವ್ವ ರಾಜೇಶ್ವರಿ, ಜೊತೆಗೆ ಅಪ್ಪನ ಅಕ್ಕ ಉಡಚವ್ವ, ಮೂವರೂ ಫೋನಿಗೆ ಮುಖ ಹಚ್ಚಿ ಕೂತಿದ್ದರು. ಹಿಂದಿನಿಂದ ಬಸವಕಿರಣ ಹೆಗಲ ಮೇಲೆ ಟಾವೆಲ್ ಹಾಕಿಕೊಂಡು ಬಚ್ಚಲಕ್ಕೆ ಹೋದ.

"ಯಾರದು ಹಿಂದ ಹೋದಾಂವ?" ಉಡಚವ್ವನ ಕಣ್ಣು ಹದ್ದಿನ ಕಣ್ಣು.

ಸುಳ್ಳು ಹೇಳಬಹುದಿತ್ತು. ಭಾಗ್ಯಶ್ರೀ ಹೇಳಲಿಲ್ಲ. ಬ್ಯಾಹಟ್ಟಿ ಹುಡುಗ, ಇಲ್ಲೇ ಆ ಕಡೆ ಖೋಲಿಯಲ್ಲಿ ಇರುತ್ತಾನೆ ಅಂದಳು. ಮುಗಿಯಿತಲ್ಲ ಕಥೆ! ಒಂದೇ ಮನೆಯಲ್ಲಿ ಲಗ್ನವಿಲ್ಲದ ಹುಡುಗಿ, ಲಗ್ನವಿಲ್ಲದ ಹುಡುಗ, ಅದೂ ಬಗಲಿನ ಊರಿನವನು! ನಾಳೆ ಊರೆಲ್ಲ ಮಾತಾಡುವುದಿಲ್ಲವೇ ಅಂತ ಉಡಚವ್ವ ಎದೆ ಬಡಿದುಕೊಂಡಳು. ಅಪ್ಪ ಹೆಚ್ಚು ಮಾತಾಡುವವನಲ್ಲ. "ಟಿಕೆಟ್ ಮಾಡಸ್ತೇನಿ, ಬಂದುಬಿಡು," ಅಂದವನೇ ಫೋನಿಟ್ಟ.

ಆಗ ಕೆಲಸ ಮಾಡಿದ್ದು ಅವಳ ಬುದ್ಧಿ. ಮೆಟ್ಟಿಲ ಮೇಲೆ ಬಸವಕಿರಣನನ್ನು ಹಿಡಿದು ನಿಲ್ಲಿಸಿದಳು.

"ಒಂದ ಮಾತು ಹೇಳ್ರಿ ಸಾಕು. ನಿಮ್ಮ ಮಗಳನ್ನ ನನ್ನ ತಂಗಿ ಅಂತ ತಿಳದೇನಿ, ನಾ ಆಕಿಗೆ ಅಣ್ಣ ಇದ್ದಂಗ, ಅಂತ. ನಮ್ಮಪ್ಪ ತಣ್ಣಗ ಆಗ್ತಾನ."

"ಬ್ಯಾಡ್ರಿ," ಅಂದ ಅವನು. "ಅಂಥಾ ಮಾತು ಸುಮ್ಮಸುಮ್ಮನ ಆಡಬಾರದು."

"ಯಾಕ?"

"ಯಾಕಂದ್ರ..." ಅವಳ ಮುಖ ನೋಡಿದ, ತಕ್ಷಣ ಬೂಟಿನ ಲೇಸು ನೋಡತೊಡಗಿದ. ಕಿವಿ ಕೆಂಪಾಗಿದ್ದವು. ಆ ಕಿವಿಯ ಅರ್ಥ ಭಾಗ್ಯಶ್ರೀಗೆ ತಿಳಿಯಲಿಲ್ಲ ಅಂತೇನಿಲ್ಲ. ಇಪ್ಪತ್ತೇಳು ವರ್ಷದ ಹುಡುಗಿಗೆ ಇಷ್ಟೂ ತಿಳಿಯದೇ? ಚೆನ್ನಾಗಿ ತಿಳಿಯಿತು, ಒಳಗೊಳಗೇ ಹಿತವೂ ಆಯಿತು. ಆದರೂ ಫೋನು ಅವನ ಕೈಗಿಟ್ಟಳು.

"ಬರೇ ಮಾತಲ್ಲೇನ್ರೀ. ಮಾತಿಗೇನು ರೊಕ್ಕ ಕೊಡಬೇಕಾ?"

ಅವನು ಹೇಳಿದ. ಅಪ್ಪ ಹೂಂ ಅಂದ. ಉಡಚವ್ವ ಕೂಡ ಬಾಯಿ ಮುಚ್ಚಿದಳು. ಆಮೇಲೆ ಫೋನು ಅವ್ವನ ಕೈಗೆ ಹೋಯಿತು. ಅವ್ವ ಅವನನ್ನು ನೋಡಿ, ಮಗನನ್ನು ಕರೆಯುವ ಹಾಗೆ, "ಊಟ ಆತೇನಪಾ ತಮ್ಮಾ?" ಅಂತ ಕೇಳಿದಳು.

ಈಗ ಎರಡು ಸಂಗತಿ ಹೇಳಬೇಕು. ಒಂದು, ಭಾಗ್ಯಶ್ರೀಗೆ ಶಶಿಕಾಂತ ಅಂತ ಒಬ್ಬ ಅಣ್ಣ ಇದ್ದ. ಎಂಟು ವರ್ಷದ ಹಿಂದೆ ಬೈಪಾಸಿನಲ್ಲಿ ಬೈಕ್ ಅಪಘಾತದಲ್ಲಿ ತೀರಿಹೋದ. ಅಂದಿನಿಂದ ಅವ್ವ ಪಂಚಮಿಗೆ ಉಂಡಿ ಕಟ್ಟುವುದನ್ನು ಬಿಟ್ಟಿದ್ದಳು. ಅಣ್ಣ-ತಂಗಿಯರ ಹಬ್ಬವನ್ನು ಯಾರಿಗೋಸ್ಕರ ಮಾಡುವುದು? ಎರಡು, ಬಸವಕಿರಣನ ತಾಯಿ ಅವನು ತೊಟ್ಟಿಲಲ್ಲಿರುವಾಗಲೇ ಸತ್ತಿದ್ದಳು. ಅಪ್ಪ ಇನ್ನೊಂದು ಲಗ್ನ ಮಾಡಿಕೊಂಡು ಇವನನ್ನು ಧಾರವಾಡದ ಒಂದು ಮಠದ ಬೋರ್ಡಿಂಗಿಗೆ ಬಿಟ್ಟ. ಊಟ ಆಯಿತೇ ಅಂತ ಅವನನ್ನು ಯಾರೂ ಕೇಳಿದ್ದಿಲ್ಲ, ಗಂಟೆ ಬಾರಿಸುತ್ತಿದ್ದರು.

ಅವನು ಬೋರ್ಡಿಂಗಿನ ರೀತಿಯಲ್ಲೇ ಉಣ್ಣುತ್ತಿದ್ದ, ತಲೆ ಎತ್ತದೆ, ಗಡಿಬಿಡಿಯಲ್ಲಿ, ಬಡಿಸುವವನು ಮುಂದೆ ಹೋಗಿಬಿಟ್ಟಾನು ಅನ್ನುವಂತೆ. ಎನ್ಕಾರ್ನಾ ದಿನಾ ಅವನ ಬೆನ್ನಿಗೊಂದು ಗುದ್ದು ಕೊಟ್ಟು "ನಿಧಾನ, ಮಗನೇ" ಅನ್ನುತ್ತಿದ್ದಳು. ಅವನು ಊರಿನಿಂದ ಎರಡು ಕಿಲೋ ಜೋಳದ ಹಿಟ್ಟು ತಂದಿದ್ದ. ಒಂದು ಶನಿವಾರ ಎನ್ಕಾರ್ನಾಳ ಅಡುಗೆಮನೆಯ ಕಲ್ಲಿನ ಮೇಲೆ ರೊಟ್ಟಿ ಬಡಿದ. ಭಾಗ್ಯಶ್ರೀ ಬಾಗಿಲಿಗೆ ಒರಗಿ ನೋಡುತ್ತ ನಿಂತಳು. ಅಂಗೈ ಬೀಸಿ ಬರುತ್ತಿತ್ತು, ಹಿಟ್ಟು ತಿರುಗುತ್ತಿತ್ತು, ಅಂಚು ಎಲ್ಲೂ ಒಡೆಯುತ್ತಿರಲಿಲ್ಲ. ಮುಂಗೈ ತನಕ ಹಿಟ್ಟು ಮೆತ್ತಿದ ಆ ಕೈಗಳಿಂದ ಕಣ್ಣು ಕೀಳಲು ಅವಳಿಗೆ ಆಗಲಿಲ್ಲ.

"ಗಂಡಸರ ಕೈಯಾಗ ಇಷ್ಟು ತೆಳ್ಳಗ ರೊಟ್ಟಿ?"

"ಎರಡನೂರು ಹುಡುಗರಿಗೆ ಬಡದ ಕೈ ಇದು. ನಿನಗ ಬರ್ತದೇನು?"

"ನನಗ ತಿನ್ನಾಕ ಬರ್ತದ."

"ಹಂಗಾರ ಜೋಡಿ ಛಲೋ ಆತು," ಅಂದುಬಿಟ್ಟ. ಅಂದಮೇಲೆ ಇಬ್ಬರೂ ಹಂಚಿನ ಕಡೆ ನೋಡುವುದನ್ನೇ ಮರೆತರು, ರೊಟ್ಟಿ ಸುಟ್ಟು ಕರಕಾಯಿತು.

ಜೂನ್ ಹೊತ್ತಿಗೆ ಅದು ಮುಚ್ಚಿಡುವ ವಿಷಯವಾಗಿ ಉಳಿದಿರಲಿಲ್ಲ. ಒಂದು ಸಂಜೆ ಊರ ನಡುವಿನ ನದಿಯ ಸೇತುವೆ ಮೇಲೆ ನಡೆಯುತ್ತಿದ್ದರು. ಕ್ಲಾಸಿನಲ್ಲಿ ಕಲಿಸಿದ ಕ್ರಿಯಾಪದಗಳನ್ನು ಅವನು ಬಾಯಿಪಾಠ ಮಾಡುತ್ತಿದ್ದ. ಇದ್ದಕ್ಕಿದ್ದಂತೆ ನಿಂತ.

"ಭಾಗ್ಯಾ, ನಾ ನಿಮ್ಮಪ್ಪಾರಿಗೆ ಹೇಳಿದ್ದು ಸುಳ್ಳು."

"ಯಾವುದು?"

"ತಂಗಿ ಅಂದದ್ದು."

"ಗೊತ್ತದ ಬಿಡೋ. ಹೇಳೋಕ್ಕಿಂತ ಮೊದಲಽ ಗೊತ್ತಿತ್ತು. ನಿನ್ನ ಕಿವಿ ಹೇಳಿದ್ವು."

ಅವನು ಕಿವಿ ಮುಟ್ಟಿಕೊಂಡ. ಅವಳು ಆ ಕೈಯನ್ನು ಹಿಡಿದು ಇಳಿಸಿದಳು, ಬಿಡಲಿಲ್ಲ. ಸೇತುವೆ ದಾಟಿ ಮನೆ ಬರುವ ತನಕವೂ ಬಿಡಲಿಲ್ಲ. ಜೀವನದಲ್ಲಿ ಅಷ್ಟು ಸುಖ ಅವಳಿಗೆ ಮತ್ತೆ ಸಿಗಲಿಲ್ಲ, ಸಿಗುವುದೂ ಇಲ್ಲ.

ಆದರೆ ಭಾನುವಾರದ ಫೋನು ನಿಲ್ಲಲಿಲ್ಲ. ಅವ್ವ ಈಗ ಮೊದಲು ಕೇಳುತ್ತಿದ್ದದ್ದೇ "ತಮ್ಮ ಎಲ್ಲಿದ್ದಾನ?" ಅಂತ. ಅವನು ತಲೆ ಬಾಚಿಕೊಂಡು, ಅಂಗಿ ಬದಲಿಸಿ ಬಂದು ಕೂಡುತ್ತಿದ್ದ. ಮೊದಲು ಅಮ್ಮಾರ ಅನ್ನುತ್ತಿದ್ದವನು ಯಾವಾಗಲೋ ಅವ್ವಾ ಅನ್ನತೊಡಗಿದ. ಹೊಟ್ಟೆನೋವಿಗೆ ಏನು ತಗೋಬೇಕು, ಹೊಸ ಬೂಟು ಕಚ್ಚುತ್ತದೆ, ಎಲ್ಲ ಅವ್ವನ ಮುಂದೆ ಹೇಳುತ್ತಿದ್ದ. ಭಾಗ್ಯಶ್ರೀಗೆ ಅದು ಮುದ್ದು ಅನ್ನಿಸುತ್ತಿತ್ತು. ಇರಲಿ, ಮುಂದೆ ಅಳಿಯನಾಗುವವನು, ಈಗಲೇ ಹತ್ತಿರವಾದರೆ ಒಳ್ಳೆಯದೇ ಅಂದುಕೊಂಡಳು. ಪ್ರತಿ ಭಾನುವಾರ ತಾನೇ ಫೋನು ಹಚ್ಚಿ ಅವನ ಕೈಗೆ ಕೊಟ್ಟಳು. ಬುದ್ಧಿವಂತೆ!

ಜುಲೈ ಕೊನೆಗೆ ಪಂಚಮಿ ಬಂತು. ಅವ್ವ ಎಂಟು ವರ್ಷದ ಮೇಲೆ ಉಂಡಿ ಕಟ್ಟಿದ್ದಳು. ಶೇಂಗಾ ಉಂಡಿ, ಎಳ್ಳುಂಡಿ, ಡಬ್ಬಿ ಡಬ್ಬಿ ಫೋನಿನ ಮುಂದೆ ಹಿಡಿದು ತೋರಿಸಿದಳು. ನೀವೂ ಅಲ್ಲಿ ಹಾಲೆರೆಯಲೇಬೇಕು ಅಂತ ಹಟ ಹಿಡಿದಳು. ನಮ್ಮ ಕಡೆ ಪಂಚಮಿಗೆ ಹೆಣ್ಣುಮಕ್ಕಳು ನಾಗಪ್ಪನಿಗೆ ಹಾಲೆರೆಯುವಾಗ ಮನೆಯ ಒಬ್ಬೊಬ್ಬರ ಹೆಸರಿನ ಪಾಲು ಎರೆಯುತ್ತಾರೆ. ಅವರು ಚೆನ್ನಾಗಿರಲಿ ಅಂತ.

ಎನ್ಕಾರ್ನಾಳ ಅಡುಗೆಮನೆಯಲ್ಲಿ ಗೋಧಿ ಹಿಟ್ಟಿನ ನಾಗಪ್ಪ ಆಯಿತು. ಎಣ್ಣೆ ಶೀಶೆಗೆ ಫೋನು ಆನಿಸಿ ಇಟ್ಟರು. ಅವ್ವ ಆ ಕಡೆಯಿಂದ ಹೇಳಿಕೊಡುತ್ತಿದ್ದಳು, ಭಾಗ್ಯಶ್ರೀ ಚಮಚದಿಂದ ಹಾಲು ಬಿಡುತ್ತಿದ್ದಳು.

"ದೇವರ ಪಾಲು. ಗುರುವಿನ ಪಾಲು. ಅಪ್ಪನ ಪಾಲು. ಅವ್ವನ ಪಾಲು."

ಅವ್ವ ಸೆರಗಿನಿಂದ ಮೂಗು ಒರೆಸಿಕೊಂಡಳು. ಆಮೇಲೆ, "ಅಣ್ಣನ ಪಾಲು ಅನ್ನವ್ವಾ. ಬಸವಕಿರಣನ ಹೆಸರು ತಗೊಂಡು ಎರಿ," ಅಂದಳು.

ಭಾಗ್ಯಶ್ರೀ ಎದುರಿಗೆ ಕೂತವನನ್ನು ನೋಡಿದಳು. ಹಿಂದಿನ ದಿನವಷ್ಟೇ ಬಾಲ್ಕನಿಯಲ್ಲಿ ಮುತ್ತಿಟ್ಟ ಬಾಯಿ ಅದು. ಅವನು ಬೇಡ ಅನ್ನುವಂತೆ ಸಣ್ಣಗೆ ತಲೆ ಅಲ್ಲಾಡಿಸಿದ. ಅವಳಿಗೋ ನಗು ತಡೆಯಲಾಗುತ್ತಿಲ್ಲ. ಕೆನ್ನೆ ಒಳಗಿನಿಂದ ಕಚ್ಚಿ ಹಿಡಿದು, "ಅಣ್ಣನ ಪಾಲು, ಬಸವಕಿರಣನ ಪಾಲು," ಅಂದು ಚಮಚ ಬಗ್ಗಿಸಿದಳು.

ಎನ್ಕಾರ್ನಾ ಬಾಗಿಲಲ್ಲಿ ನಿಂತು ಎಲ್ಲ ನೋಡುತ್ತಿದ್ದಳು. ಆಕೆ ಆ ಬಾಲ್ಕನಿಯ ಮುತ್ತನ್ನೂ ನೋಡಿದ್ದಳು. ಫೋನಿನಲ್ಲಿ ತಾಯಿ, ಮುಂದೆ ದೇವರು, ಹುಡುಗಿಯ ಬಾಯಲ್ಲಿ ಹುಡುಗನ ಹೆಸರು! ಇದು ನಿಶ್ಚಯವಲ್ಲದೆ ಇನ್ನೇನು? ಚಪ್ಪಾಳೆ ತಟ್ಟುತ್ತ ಓಡಿ ಬಂದು ಇಬ್ಬರನ್ನೂ ತಬ್ಬಿ, ಎರಡೂ ಕೆನ್ನೆಗೆ ಮುತ್ತಿಟ್ಟು, ಕಣ್ಣೊರೆಸಿಕೊಂಡಳು. ಬೆಂಗೇರಿಯಲ್ಲಿ ಅವ್ವನೂ ಕಣ್ಣೊರೆಸಿಕೊಂಡಳು. "ಆ ಆಯಿಗೂ ಎಷ್ಟು ಖುಷಿ ಆಗೇದ ನೋಡು," ಅಂದಳು.

ಭಾಗ್ಯಶ್ರೀ ಖೋಲಿಗೆ ಹೋಗಿ ದಿಂಬಿನಲ್ಲಿ ಮುಖ ಹುದುಗಿಸಿ ನಕ್ಕಳು. ಅವನು ನಗಲಿಲ್ಲ.

"ಹಾಲೆರದಿ ನೀ."

"ಹಿಟ್ಟಿನ ನಾಗಪ್ಪಗ ಎರದೇನಪಾ, ನಿನಗಲ್ಲ."

"ನಿಮ್ಮವ್ವ ಅಳಾಕತ್ತಿದ್ರು ಭಾಗ್ಯಾ. ಚ್ಯಾಷ್ಟಿ ಅಲ್ಲ ಅದು."

"ಊರಿಗೆ ಹೋದ ಮ್ಯಾಲ ನೀನಽ ಹೇಳು. ಎಲ್ಲಾ ಸರಿ ಆಗ್ತದ. ಜಾತಿ ಒಂದಽ, ಬೆಡಗು-ಗೋತ್ರ ಬ್ಯಾರೆ, ನೌಕರಿ ಅದ. ಅವರಿಗೆ ಮತ್ತೇನು ಬೇಕು?"

ಅವಳು ಹೇಳಿದ್ದರಲ್ಲಿ ಒಂದೂ ತಪ್ಪಿರಲಿಲ್ಲ. ಅವನು ನೇರವಾಗಿ ಅಳಿಯನಾಗಿ ಬಂದಿದ್ದರೆ ಚನ್ನಯ್ಯ ಎರಡು ಮಾತಿಲ್ಲದೆ ಸಕ್ಕರೆ ಹಂಚುತ್ತಿದ್ದ. ಆದರೆ ಅವನು ಮೊದಲು ಮಗನಾಗಿ ಬಂದಿದ್ದ.

ಅಕ್ಟೋಬರ್‌ನಲ್ಲಿ ಊರಿಗೆ ಬಂದರು. ಎರಡನೇ ಭಾನುವಾರವೇ ಬಸವಕಿರಣ ಬೆಂಗೇರಿಯ ಮನೆಗೆ ಬರುವುದು ನಿಕ್ಕಿಯಾಯಿತು. ಒಂದು ಮಾತಾಡುವುದಿದೆ ಅಂತ ಅಪ್ಪನಿಗೆ ಫೋನು ಮಾಡಿದ್ದ. ಭಾಗ್ಯಶ್ರೀ ಬೆಳಗಿನಿಂದ ಮೂರು ಸೀರೆ ಬದಲಿಸಿದಳು. ಇಡೀ ಜೀವನ ಆ ಒಂದು ಮಧ್ಯಾಹ್ನದ ಮೇಲೆ ನಿಂತಿದೆ ಅಂತ ಅವಳಿಗೆ ಗೊತ್ತಿತ್ತು.

ಅವನು ಬಾಗಿಲಿಗೆ ಬಂದದ್ದೇ ತಡ, ಅವ್ವ ಕಾಲಿಗೆ ನೀರು ಕೊಟ್ಟು, ದೃಷ್ಟಿ ತೆಗೆದು, ಕೈ ಹಿಡಿದು ಒಳಗೆ ಕರೆದುಕೊಂಡು ಹೋದಳು. ಎಣ್ಣೆಗಾಯಿ, ರೊಟ್ಟಿ, ಹೋಳಿಗೆ. ಶಶಿಕಾಂತ ಕೂಡುತ್ತಿದ್ದ ಜಾಗದಲ್ಲೇ ಅವನ ಎಡೆ. ಎಂಟು ವರ್ಷ ಆ ಜಾಗದಲ್ಲಿ ಯಾರನ್ನೂ ಕೂಡಲು ಅವ್ವ ಬಿಟ್ಟಿರಲಿಲ್ಲ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ಇಣುಕಿ, "ಇವನೇನ್ರೀ ನಿಮ್ಮ ಮಗಾ?" ಅಂತ ಕೇಳಿ ಹೋದರು. ಪ್ರತಿ ಸಲವೂ ಅವ್ವ "ಹೌದ್ರೀ, ಇವನಽ," ಅಂದಳು. ಪ್ರತಿ ಸಲವೂ ಅವನು ತಲೆ ತಗ್ಗಿಸಿದ.

"ಏನೋ ಮಾತಾಡೋದದ ಅಂದಿದ್ಯಲ್ಲಪಾ?" ಅಪ್ಪ ಕೇಳಿದ.

ಭಾಗ್ಯಶ್ರೀಯ ಕೈಯಲ್ಲಿದ್ದ ನೀರಿನ ಚೊಂಬು ಅಲ್ಲೇ ನಿಂತಿತು. ಬಸವಕಿರಣ ಬಾಯಿ ತೆರೆದ. ಅಷ್ಟರಲ್ಲಿ ಅವ್ವ ಅವನ ರೊಟ್ಟಿಯ ಮೇಲೆ ಬೆಣ್ಣೆ ಇಟ್ಟು, ತುತ್ತು ಮುರಿದು, ಬಾಯಿಗೇ ಇಟ್ಟಳು. ಅವನು ಅದನ್ನು ನುಂಗಲು ಎಷ್ಟು ಹೊತ್ತು ತಗೊಂಡ!

"ಏನಿಲ್ರೀ ಅಪ್ಪಾರ. ಕಂಪನಿಯಾಗ ಪ್ರಮೋಷನ್ ಆತು. ಅದನ್ನ ಹೇಳಬೇಕಂತ."

"ದಿ ಲಾ ಬೆರ್ದಾದ್," ಅಂದಳು ಭಾಗ್ಯಶ್ರೀ. ಖರೇ ಹೇಳು. ಆರು ತಿಂಗಳು ಕಲಿತ ಭಾಷೆ ಆ ಮನೆಯಲ್ಲಿ ಅವರಿಬ್ಬರಿಗೆ ಮಾತ್ರ ಬರುತ್ತಿತ್ತು.

ಅವನು ತಾಟಿನಿಂದ ಕಣ್ಣೆತ್ತಲಿಲ್ಲ. "ನೋ ಪುಎದೋ," ಅಂದ. ಆಗೂದಿಲ್ಲ.

"ಏನಂತಾನ ತಮ್ಮ?" ಅವ್ವ ನಗುತ್ತ ಕೇಳಿದಳು.

ಭಾಗ್ಯಶ್ರೀ ಚೊಂಬು ಕೆಳಗಿಟ್ಟಳು. "ಅವ್ವಾ, ಇಂವ ನನಗ ಅಣ್ಣ ಅಲ್ಲ. ಯಾವತ್ತೂ ಆಗಿದ್ದಿಲ್ಲ. ಅವತ್ತ ಫೋನಿನ್ಯಾಗ ಹಂಗ ಹೇಳು ಅಂತ ಹಚ್ಚಿಕೊಟ್ಟಾಕಿ ನಾನಽ. ನಾವಿಬ್ಬರೂ ಲಗ್ನಾ ಆಗಬೇಕಂತ ಮಾಡೇವಿ."

"ಶಿವ ಶಿವಾ, ಹಾಲೆರದ ಅಣ್ಣನ್ನ!" ಅಂತ ಉಡಚವ್ವ ಕಿವಿ ಮುಚ್ಚಿಕೊಂಡಳು. ಅಪ್ಪ ಬಸವಕಿರಣನ ಕಡೆ ತಿರುಗಿದ.

"ಏನಪಾ, ಖರೇನು?"

ಅವನು ಅಪ್ಪನನ್ನು ನೋಡಲಿಲ್ಲ, ಭಾಗ್ಯಶ್ರೀಯನ್ನೂ ನೋಡಲಿಲ್ಲ. ಅವ್ವನನ್ನು ನೋಡಿದ. ಅವ್ವನ ಮುಖದಲ್ಲಿ ಸಿಟ್ಟಿರಲಿಲ್ಲ, ಹೆದರಿಕೆ ಇತ್ತು. ಆಸ್ಪತ್ರೆಯಿಂದ ಶಶಿಕಾಂತನ ಸುದ್ದಿ ಬಂದ ದಿನ ಇದೇ ಮುಖವಿತ್ತು.

"ಇಲ್ರೀ ಅಪ್ಪಾರ," ಅಂದ ಅವನು. "ಆಕಿ ಚ್ಯಾಷ್ಟಿ ಮಾಡಾಕತ್ತಾಳ."

ಭಾಗ್ಯಶ್ರೀಯ ಫೋನಿನಲ್ಲಿ ನಲವತ್ತು ಫೋಟೋ ಇದ್ದವು. ಸೇತುವೆಯ ಮೇಲಿನದು, ಬಾಲ್ಕನಿಯದು, ಒಂದರಲ್ಲಂತೂ ಅವನು ಅವಳ ಹಣೆಗೆ ಹಣೆ ಹಚ್ಚಿ ನಿಂತಿದ್ದ. ಒಂದನ್ನು ತೋರಿಸಿದರೂ ಸಾಕಿತ್ತು. ಫೋನು ಕೈಗೆ ತಗೊಂಡಳು ಕೂಡ. ಆಮೇಲೆ ಇಟ್ಟುಬಿಟ್ಟಳು. ಒಲ್ಲೆ ಅಂದವನನ್ನು ಸಾಕ್ಷಿ ಹಾಕಿ ಕಟ್ಟಿಕೊಳ್ಳುವಷ್ಟು ಗತಿಗೆಟ್ಟವಳಲ್ಲ ಅವಳು.

"ಹೌದು, ಚ್ಯಾಷ್ಟಿ," ಅಂದಳು.

ಅವ್ವ ಬಂದು ಅವಳ ಬೆನ್ನಿಗೆ ಗುದ್ದಿದಳು. "ಹುಚ್ಚಿ! ಇಂಥಾ ಚ್ಯಾಷ್ಟಿ ಮಾಡ್ತಾರೇನ? ಎದಿ ಒಡದಿತ್ತು ನಂದು!" ಗುದ್ದಿ, ನಕ್ಕು, ಅಳುತ್ತ ಅವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿದಳು.

ಗೇಟಿನ ತನಕ ಕಳಿಸಲು ಹೋದಾಗ ಭಾಗ್ಯಶ್ರೀ ಕೇಳಿದಳು. "ಯಾಕೋ?"

"ಅವ್ವನ ಮುಖ ನೋಡಿದ್ಯಾ? ಇನ್ನೊಮ್ಮಿ ಮಗನ್ನ ಕಳಕೋತಿದ್ದಳು ಆಕಿ."

"ನಾ ಕಳಕೊಂಡದ್ದು?"

"ನನಗ ಅವ್ವ ಅನ್ನೋದು ಗೊತ್ತಿದ್ದಿಲ್ಲ ಭಾಗ್ಯಾ. ಇಪ್ಪತ್ತೊಂಬತ್ತು ವರ್ಷದಾಗ ಇವತ್ತ ಮೊದಲನೇ ಸಲ ಒಬ್ಬರು ನನ್ನ ಬಾಯಾಗ ತುತ್ತು ಇಟ್ಟರು. ಆ ತುತ್ತು ಗಂಟಲದಾಗ ಇರೂವಾಗ ಹೆಂಗ ಹೇಳಲಿ?" ಅವನ ಕಣ್ಣು ತುಂಬಿದ್ದವು. "ಸ್ವಲ್ಪ ದಿನ ತಡಿ. ಹೇಳ್ತೇನಿ."

"ಎಷ್ಟು ದಿನ?"

ಅವನು ಗೇಟು ತೆಗೆದು ಹೊರಟುಬಿಟ್ಟ. ಪ್ರತಿ ಭಾನುವಾರ ಬಂದ, ಉಂಡ, ಅವ್ವನ ಮೊಣಕಾಲು ನೋವಿನ ಔಷಧಿ ತಂದುಕೊಟ್ಟ, ಅಮರಗೋಳದಲ್ಲಿದ್ದ ಅಪ್ಪನ ಹತ್ತಿ ಅಂಗಡಿಗೆ ಅವನ ಜೊತೆ ಹೋಗಿ ಬಂದ. ಹೇಳಲಿಲ್ಲ. ದೀಪಾವಳಿ ಹೋಯಿತು, ಕಾರ್ತೀಕ ಹೋಯಿತು. ಅವನಂಥ ಮಗ ಯಾರಿಗೂ ಇಲ್ಲ ಅಂತ ಓಣಿಯೆಲ್ಲ ಹೊಗಳಿತು. ಭಾಗ್ಯಶ್ರೀ ಮಾತ್ರ ದಿನದಿಂದ ದಿನಕ್ಕೆ ಒಣಗಿದಳು.

ಡಿಸೆಂಬರ್‌ನಲ್ಲಿ ಉಡಚವ್ವ ಗದಗಿನ ಒಂದು ಗಂಡು ತಂದಳು. ಹೆಸರು ಉದಯಕುಮಾರ, ಬ್ಯಾಂಕಿನಲ್ಲಿ ನೌಕರಿ. ಭಾಗ್ಯಶ್ರೀ ಇಲ್ಲ ಅನ್ನಲಿಲ್ಲ. ಒಂದೇ ಮಾತು ಹೇಳಿದಳು.

"ಮನ್ಯಾಗ ಅಣ್ಣ ಇದ್ದ ಮ್ಯಾಲ ಅವನಽ ಹೋಗಿ ಗಂಡು ನೋಡಿ ಬರಲಿ. ಅಂವ ಏನು ಹೇಳ್ತಾನ, ಹಂಗ."

ಅಪ್ಪನಿಗೆ ಆದ ಸಂತೋಷ ಅಷ್ಟಿಷ್ಟಲ್ಲ. ಮಗಳಿಗೆ ಬುದ್ಧಿ ಬಂತು ಅಂದ. ಗಂಡು ನೋಡಲು ಅಣ್ಣನೇ ಹೋಗಬೇಕು, ಅದೇ ರೀತಿ ಅಂತ ಉಡಚವ್ವನೂ ತಲೆದೂಗಿದಳು.

ಅವತ್ತು ಸಂಜೆ ಭಾಗ್ಯಶ್ರೀ ಆಫೀಸಿನಿಂದ ಹೊರಗೆ ಬಂದು ಗೋಕುಲ ರಸ್ತೆಯ ಗದ್ದಲದಲ್ಲಿ ನಿಂತೇ ಅವನಿಗೆ ಫೋನು ಮಾಡಿದಳು.

"ಕೇಳು. ಅಪ್ಪಗ ನೀ ನನ್ನ ಪ್ರೀತಿ ಮಾಡ್ತಿ ಅಂತ ಹೇಳಬ್ಯಾಡ. ಅವ್ವನ ಎದಿ ಒಡೀಬ್ಯಾಡ. ಗದಗಿಗೆ ಹೋಗು, ಬಾ, ಆ ಗಂಡು ಬ್ಯಾಡ ಅನ್ನು. ಅಷ್ಟಽ. ಮುಂದಿನ ಗಂಡೂ ಬ್ಯಾಡ ಅನ್ನು. ನೀ ಬ್ಯಾಡ ಬ್ಯಾಡ ಅಂದಷ್ಟು ವರ್ಷ ನಾ ಕಾಯ್ತೇನಿ. ಎಂದರ ಒಂದು ದಿನ ನಿನಗ ಧೈರ್ಯ ಬರ್ತದ. ಒಂದ ಮಾತೋ ಮಾರಾಯಾ, ಬ್ಯಾಡ ಅನ್ನು."

ಆ ಕಡೆಯಿಂದ ಅವನು "ಹೂಂ," ಅಂದ. ಅವಳು ರಸ್ತೆಯ ಮೇಲೆ ನಿಂತೇ ಅತ್ತಳು, ಎರಡು ತಿಂಗಳ ಮೇಲೆ ಮೊದಲ ಸಲ ಹಗುರಾಗಿ.

ಭಾನುವಾರ ಬೆಳಿಗ್ಗೆ ಅವನು ಗದಗಿನ ರೈಲು ಹತ್ತಿದ. ನಾಲ್ಕು ಗಂಟೆಗೆ ಬೆಂಗೇರಿಗೆ ಬಂದ. ಪಡಸಾಲೆಯಲ್ಲಿ ಅಪ್ಪ, ಅವ್ವ, ಉಡಚವ್ವ ಕಾದು ಕೂತಿದ್ದರು. ಭಾಗ್ಯಶ್ರೀ ಚಹಾದ ಟ್ರೇ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಳು. ಅವನು ಒಂದು ತಂಬಿಗೆ ನೀರು ಪೂರ್ತಿ ಕುಡಿದ.

"ಹೆಂಗಪಾ?" ಅಪ್ಪ ಕೇಳಿದ.

ಅವನು ಅವ್ವನನ್ನು ನೋಡಿದ. ಅವ್ವ ಸೆರಗಿನ ತುದಿ ಹಿಡಿದು, ಮಗನ ಬಾಯಿಂದ ಒಳ್ಳೆಯ ಮಾತೇ ಬರಲಿ ಅಂತ ದೇವರಿಗೆ ಕೈ ಮುಗಿದು ಕೂತಿದ್ದಳು.

"ಹುಡುಗ ಛಲೋ ಇದ್ದಾನ್ರೀ ಅಪ್ಪಾರ," ಅಂದ ಬಸವಕಿರಣ. ದನಿ ಎಲ್ಲಿಂದಲೋ ಬಂದಂತಿತ್ತು. "ಚಟಾ ಗಿಟಾ ಇಲ್ಲ. ಮನಿತನ ಛಲೋ. ಅವರವ್ವ ಭಾಳ ಸಮಾಧಾನದಾಕಿ. ಭಾಗ್ಯಾ ಅಲ್ಲಿ ಸುಖವಾಗಿ ಇರ್ತಾಳ."

ಎಲ್ಲರೂ ಭಾಗ್ಯಶ್ರೀಯ ಕಡೆ ತಿರುಗಿದರು.

ಅವಳು ಟ್ರೇ ಹಿಡಿದು ನೆಟ್ಟಗೆ ನಡೆದು ಬಂದಳು. ಅಪ್ಪನಿಗೆ ಕೊಟ್ಟಳು, ಉಡಚವ್ವನಿಗೆ ಕೊಟ್ಟಳು. ಆಮೇಲೆ ಅವನ ಮುಂದೆ ನಿಂತಳು.

"ಹೌದು ಅಂತ ಹೇಳಿ ಕಳಸ್ರಿ ಅಪ್ಪಾ. ಅಣ್ಣ ನೋಡಿ ಬಂದು ಒಪ್ಪಿದ ಮ್ಯಾಲ ನಂದೇನದ?" ಅಂದು, ಕಪ್ಪು ಅವನ ಕೈಗೆ ಇಟ್ಟಳು. "ತಗೋ ಅಣ್ಣಾ, ಚಹಾ ಆರತದ."

ಬಸವಕಿರಣ ಕಪ್ಪು ಹಿಡಿದ. ಹಿಡಿಯಲಾಗಲಿಲ್ಲ. ಚಹಾ ಅಂಗಿಯ ಮೇಲೆಲ್ಲ ಚೆಲ್ಲಿತು. ಅವನು ಎರಡೂ ಕೈಯಿಂದ ಮುಖ ಮುಚ್ಚಿಕೊಂಡು, ಇಷ್ಟು ಜನರ ಮುಂದೆ, ಸಣ್ಣ ಕೂಸಿನ ಹಾಗೆ ಗೊಳೋ ಅಂತ ಅಳತೊಡಗಿದ.

ಅವ್ವ ಎದ್ದು ಓಡಿ ಬಂದಳು. ಅವನ ತಲೆಯನ್ನು ಎದೆಗೆ ಒತ್ತಿಕೊಂಡು ಸೆರಗಿನಿಂದ ಕಣ್ಣೊರೆಸಿದಳು. ತನ್ನ ಕಣ್ಣೀರನ್ನು ಒರೆಸಿಕೊಳ್ಳಲು ಅವಳಿಗೆ ಪುರುಸೊತ್ತಿರಲಿಲ್ಲ.

"ನೋಡ್ರಿ ಅಕ್ಕಾರ, ತಂಗಿ ಕೊಟ್ಟ ಮನಿಗೆ ಹೋಗ್ತಾಳಂತ ಹೆಂಗ ಅಳಾಕತ್ತಾನ ನನ್ನ ಮಗಾ. ಒಡಹುಟ್ಟಿದಾಂವನೂ ಇಷ್ಟು ಅಳತಿದ್ದಿಲ್ಲ," ಅಂದಳು. ಆಮೇಲೆ ಮಗಳ ಕಡೆ ತಿರುಗಿ ರೇಗಿದಳು. "ನೀ ಯಾಕ ಹಂಗ ಕಲ್ಲಾಗಿ ನಿಂತಿ? ಅಂವ ಅಷ್ಟು ಅಳಾಕತ್ತಾನ, ನಿನಗ ಒಂದ ಹನಿ ಕಣ್ಣೀರರ ಬರಬಾರದೇನ?"